ಹೆಬ್ಬೆರಳ ಕೆಳಗಿನ ಹೆಸರು

ಆ ಚಿತ್ರದಲ್ಲಿ ನಿಮಗೆ ನೆನಪಿರುವುದೇನು ಎಂದು ಗಂಡಸರನ್ನು ಕೇಳಿದರೆ ಆನೆಗಳ ಕಾಳಗ ಎನ್ನುತ್ತಾರೆ. ಹುಡುಗರಿಗೆ ಕಾರಂಜಿಗಳ ನಡುವಿನ ಕುಣಿತ. ತೋಟಗಾರನ ಮಗಳು ನಸ್ತರನ್ ದರ್ಬಾರಿನಲ್ಲಿ ತಲೆ ತಗ್ಗಿಸದೆ ಬಾದಶಹನಿಗೆ ಕೊಟ್ಟ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಮದುವೆಮನೆಗಳಲ್ಲಿ ಒಪ್ಪಿಸುವ ಮಹಾನುಭಾವರೂ ಇದ್ದಾರೆ. ಆದರೆ ಹೆಂಗಸರನ್ನು ಕೇಳಿ ನೋಡಿ. ಐದು ಸಲ ನೋಡಿದವಳಾಗಲಿ, ಗಂಡನಿಗೆ ಸುಳ್ಳು ಹೇಳಿ ಒಂದೇ ಸಲ ನೋಡಿ ಬಂದವಳಾಗಲಿ, ಎಲ್ಲರೂ ಹೇಳುವುದು ಒಂದೇ ದೃಶ್ಯ.

ನಸ್ತರನ್‌ಳನ್ನು ಮುದಿ ಸೇನಾಪತಿಗೆ ಕೊಡುವುದೆಂದು ಬಾದಶಹನ ಹುಕುಂ ಆಗಿದೆ. ಮದುವೆಯ ಹಿಂದಿನ ಸಂಜೆ. ಅವಳ ಕೈಗೆ ಮೆಹಂದಿ ಹಚ್ಚಿದ್ದಾರೆ. ಪದ್ಧತಿಯಂತೆ ಬಳ್ಳಿಗಳ ನಡುವೆ ಎಲ್ಲೋ ವರನ ಹೆಸರು ಅಡಗಿದೆ. ಅವಳು ಪ್ರೀತಿಸಿದ ರಾಜಕುಮಾರ, ಶಹಜಾದಾ ಆಫ್ತಾಬ್ ಕದ್ದು ಬಂದು ಜಾಲಂದ್ರದ ಈಚೆ ನಿಲ್ಲುತ್ತಾನೆ. ಅವಳು ಒಳಗಿನಿಂದ ಕೈ ಚಾಚುತ್ತಾಳೆ. ಹಣತೆಯ ಬೆಳಕಿನಲ್ಲಿ ಅವನು ತನ್ನ ವೈರಿಯ ಹೆಸರನ್ನು ಹುಡುಕುತ್ತಾನೆ. ಬೆರಳು ಬಳ್ಳಿಯಿಂದ ಬಳ್ಳಿಗೆ ಹೋಗಿ ಒಂದು ಕಡೆ ನಿಲ್ಲುತ್ತದೆ. ಅಲ್ಲಿರುವುದು ಅವನದೇ ಹೆಸರು. ನಮಗದನ್ನು ತೋರಿಸುವುದಿಲ್ಲ; ಹಣತೆಗೂ ಕಾಣಬಾರದು ಎನ್ನುವ ಹಾಗೆ ಅವನು ಅದರ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿಬಿಡುತ್ತಾನೆ. ಅಷ್ಟೇ. ಅಷ್ಟಕ್ಕೇ ಇಡೀ ಟಾಕೀಸು ಮೂಗು ಒರೆಸಿಕೊಳ್ಳುತ್ತದೆ.

ಆ ಹೆಬ್ಬೆರಳಿನ ಬಗ್ಗೆ ಬಲ್ಲವರು ಪುಟಗಟ್ಟಲೆ ಬರೆದರು. ಬರೆದವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಆ ಕೈ ಹೀರೋಯಿನ್‌ದಲ್ಲ, ಆ ಬೆರಳು ಹೀರೋದಲ್ಲ. ಕೈ ಮುನೀರಾದು. ಬೆರಳು ಹಶ್ಮತ್ ಖಾನನದು.

ಮುನೀರಾ ಆ ಸ್ಟುಡಿಯೋದ ಮೆಹಂದಿಯವಳು. ಚಿತ್ರ ಮುಗಿಯಲು ಆರು ವರ್ಷ ಹಿಡಿಯಿತು. ಆರು ವರ್ಷವೂ ಶೂಟಿಂಗ್ ಇದ್ದ ದಿನವೆಲ್ಲ ಹೀರೋಯಿನ್ ಅಂಗೈಯಲ್ಲಿ ಅದೇ ಬಳ್ಳಿ, ಅದೇ ಎಲೆ, ಅದೇ ಮೊಗ್ಗು ಬಿಡಿಸಬೇಕಿತ್ತು. ಒಂದು ಎಲೆ ಹೆಚ್ಚಾದರೆ ನಿರ್ದೇಶಕ ಕಾಜಿಮ್ ಸಾಹೇಬರಿಗೆ ಗೊತ್ತಾಗುತ್ತಿತ್ತು. ಮೊಸರಲ್ಲಿ ಕಲ್ಲು ಹುಡುಕುವ ಮನುಷ್ಯ. ಅಂಥವರ ಕೈಯಲ್ಲೂ ಮುನೀರಾ ಒಂದು ದಿನವೂ ಬೈಸಿಕೊಂಡವಳಲ್ಲ. ಸಣ್ಣ ಕಡ್ಡಿಯಲ್ಲಿ ಬಿಡಿಸುತ್ತಿದ್ದಳು. ಕೂರುವ ಮೊದಲು ತನ್ನ ಬೆರಳಿಗೆಲ್ಲ ಸಾಸಿವೆ ಎಣ್ಣೆ ಸವರಿಕೊಳ್ಳುತ್ತಿದ್ದಳು, ಬಣ್ಣ ತನಗೆ ಒಂದು ಚುಕ್ಕೆಯೂ ಹತ್ತಬಾರದೆಂದು. ಅವಳಿಗೆ ಮೂವತ್ತನಾಲ್ಕು. ಗಂಡ ಇದ್ರೀಸ್ ವಿಷಮಶೀತ ಜ್ವರದಲ್ಲಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಗಂಡ ಸತ್ತವಳು ಮೆಹಂದಿ ಹಚ್ಚಿಕೊಳ್ಳಬಾರದೆಂದು ಧರ್ಮದಲ್ಲಿ ಎಲ್ಲೂ ಹೇಳಿಲ್ಲ. ಆದರೆ ಅವಳಿದ್ದ ಮದನ್‌ಪುರದ ಗಲ್ಲಿಯ ಧರ್ಮವೇ ಬೇರೆ, ಅದನ್ನು ನಡೆಸುವ ಮೌಲ್ವಿಗಳೆಲ್ಲ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿರುತ್ತಾರೆ.

ಮನೆಯಲ್ಲಿ ಇದ್ದದ್ದು ಇಬ್ಬರೇ, ಅವಳು ಮತ್ತು ಅತ್ತೆ ಸಗೀರನ್ ಬೀ. ಸಗೀರನ್ ಬೀ ಮುನೀರಾಳ ತಾಯಿಯ ಅಕ್ಕನೂ ಹೌದು. ಹಾಗಾಗಿ ಮದುವೆಗೆ ಮುಂಚೆಯೂ ಖಾಲಾ, ಆಮೇಲೂ ಖಾಲಾ. ಮಗ ಹೋಗಿ ದುಃಖದ ತಿಂಗಳುಗಳು ಕಳೆದ ಮೇಲೆ ಮುದುಕಿ ಒಂದೇ ಸಲ ಕೇಳಿದ್ದಳು, "ಮಿರ್ಜಾಪುರಕ್ಕೆ ಅಣ್ಣನ ಮನೆಗೆ ಹೋಗ್ತೀಯಾ?" ಮುನೀರಾ ಹಿಟ್ಟು ಕಲಸುತ್ತ, "ಯಾಕೆ, ಇಲ್ಲಿ ರೊಟ್ಟಿ ಯಾರು ತಟ್ತಾರೆ?" ಎಂದಿದ್ದಳು. ಆ ಮಾತು ಅಲ್ಲಿಗೇ ಮುಗಿದಿತ್ತು. ಕೆಳಗಿನ ಮಗ್ಗಗಳು ಹಗಲೆಲ್ಲ ಖಟಖಟ ಎನ್ನುತ್ತಿದ್ದವು, ಮೇಲೆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಗದರಿಸಿಕೊಂಡು ಬದುಕುತ್ತಿದ್ದರು. ಮುದುಕಿ ಅವಳನ್ನು ಇಂದಿಗೂ ದುಲ್ಹನ್ ಎಂದೇ ಕರೆಯುತ್ತಿದ್ದಳು, ನಿನ್ನೆ ಮೊನ್ನೆ ಮನೆ ತುಂಬಿಸಿಕೊಂಡ ಮದುಮಗಳೇನೋ ಎನ್ನುವ ಹಾಗೆ.

ಇದರ ನಡುವೆ ಹಶ್ಮತ್ ಖಾನ್ ಬಂದ. ರಾಂಪುರದವನು. ಸ್ಟುಡಿಯೋದ ಕತ್ತಿ ಗುರಾಣಿಗಳೆಲ್ಲ ಅವನ ವಶದಲ್ಲಿದ್ದವು. ಕುದುರೆಯಿಂದ ಬೀಳುವುದು, ಗೋಡೆ ಹಾರುವುದು, ಹೀರೋ ಮಾಡಲಾರದ್ದೆಲ್ಲ ಅವನ ಪಾಲಿಗೆ. ಹೀರೋನ ಕೈ ಬೆಣ್ಣೆಯಂಥದು, ಕತ್ತಿ ಹಿಡಿದ ಕೈಯಂತೆ ಕಾಣುವುದಿಲ್ಲವೆಂದು ಹತ್ತಿರದ ಶಾಟ್‌ಗಳಲ್ಲಿ ಕೈಯೂ ಅವನದೇ. ಆರು ತಿಂಗಳ ಹಿಂದೆ ಚಾ ಹೊತ್ತಿನಲ್ಲಿ ಎರಡು ಲೋಟ ಹಿಡಿದು ಮುನೀರಾಳ ಎದುರು ನಿಂತಿದ್ದ.

"ಮುನೀರಾ ಬೀ, ಒಂದು ಮಾತು ಹೇಳ್ಬೇಕು. ಸಿಟ್ಟು ಬಂದ್ರೆ ಚಾ ನನ್ನ ಮೇಲೆ ಸುರೀರಿ, ಲೋಟ ಮಾತ್ರ ಒಡೀಬೇಡಿ, ಅದು ಕ್ಯಾಂಟೀನಿಂದು."

"ಹೇಳಿ ಖಾನ್ ಸಾಹೇಬ್ರೇ."

"ನನಗೆ ನಲವತ್ತೆರಡು. ಹೆಂಡತಿ ಇಲ್ಲ, ಯಾವತ್ತೂ ಇರ್ಲಿಲ್ಲ. ಎರಡು ಪಕ್ಕೆಲುಬು ಮುರಿದು ಕೂಡಿವೆ, ಮಳೆ ಬರೋಕೆ ಮುಂಚೆ ನೋವು ಕೊಡ್ತವೆ. ಕುಡಿಯೋದಿಲ್ಲ. ನಿಮ್ಮ ಇದ್ರೀಸ್ ಸಾಹೇಬ್ರ ವಿಷಯ ಎಲ್ಲ ಗೊತ್ತು. ನಿಮ್ಮನ್ನ ನಿಕಾಹ್ ಮಾಡ್ಕೋಬೇಕು ಅಂತ ಆಸೆ ಇದೆ."

ಮುನೀರಾ ಚಾ ಸುರಿಯಲಿಲ್ಲ. ಕುಡಿದಳು. ಲೋಟವನ್ನು ಅವನ ಕೈಗೆ ವಾಪಸ್ ಕೊಟ್ಟು, "ಯೋಚ್ನೆ ಮಾಡಿ ಹೇಳ್ತೀನಿ" ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ಆ ಮಾತು ಆರು ತಿಂಗಳು ಅಲ್ಲೇ ಉರಿಯಿತು. ಅವನು ಮತ್ತೆ ಕೇಳಲಿಲ್ಲ. ಎದುರಾದಾಗ ಸಲಾಂ, ಅವಳು ರೈಲಿಗೆ ಹೊರಟಾಗ ಗೇಟಿನವರೆಗೆ ನಾಲ್ಕು ಹೆಜ್ಜೆ ಹಿಂದೆ ನಡೆದು ಬರುವುದು, ಇಷ್ಟೇ. ಮುನೀರಾಳಿಗೆ ಅವನು ಬೇಕಾಗಿದ್ದ. ಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡ ಕೂಡಲೇ ಎದುರಿಗೆ ಸಗೀರನ್ ಬೀ ಮುಖ ಬರುತ್ತಿತ್ತು. ಇದ್ದ ಒಬ್ಬ ಮಗನನ್ನು ಮಣ್ಣಿಗೆ ಕೊಟ್ಟವಳ ಹತ್ತಿರ ಹೋಗಿ, ನಿನ್ನ ಮಗನ ಹೆಂಡತಿ ಇನ್ನೊಬ್ಬನ ಮನೆಗೆ ಹೊರಟಳು ಎಂದು ಹೇಗೆ ಹೇಳುವುದು? ಆ ಮಾತು ಬಿಸಿತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಹೀಗಿರುವಾಗ ಜಾಲಂದ್ರದ ದೃಶ್ಯಕ್ಕೆ ನಾಲ್ಕು ದಿನ ಇದೆಯೆನ್ನುವಾಗ ಹೀರೋಯಿನ್‌ಗೆ ಸಿಡುಬು ಎದ್ದಿತು. ದೊಡ್ಡ ಸಿಡುಬಲ್ಲ, ನೀರುಗುಳ್ಳೆ. ಆದರೆ ಕೈತುಂಬ ಎದ್ದಿತು. ಸೆಟ್ ಕೆಡವದೆ ಕಾಯುವ ಹಾಗಿರಲಿಲ್ಲ, ಮುಂದಿನ ವಾರ ಅದೇ ಜಾಗದಲ್ಲಿ ಬೇರೆಯವರ ಚಿತ್ರಕ್ಕೆ ಪೊಲೀಸ್ ಠಾಣೆ ಏಳಬೇಕಿತ್ತು. ಹೇಗೂ ಹುಡುಗಿ ಜಾಲಂದ್ರದ ಹಿಂದೆ ಇರುತ್ತಾಳೆ, ಕಾಣುವುದು ಕೈ ಮಾತ್ರ. ಕಾಜಿಮ್ ಸಾಹೇಬರು ನರ್ತಕಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೈ ಚಾಚಿಸಿದರು. ಒಂದು ದಪ್ಪ, ಒಂದು ಒರಟು, ಒಂದರ ಉಗುರು ಕಚ್ಚಿ ಕಚ್ಚಿ ಸವೆದಿತ್ತು. ಕೊನೆಗೆ ಪಕ್ಕದಲ್ಲಿ ಬಟ್ಟಲು ಹಿಡಿದು ನಿಂತಿದ್ದ ಕೈಯ ಮೇಲೆ ಕಣ್ಣು ಬಿತ್ತು.

"ಈ ಕೈ ಇಷ್ಟು ವರ್ಷ ಎಲ್ಲಿತ್ತು?"

"ನಿಮ್ಮ ಹೀರೋಯಿನ್ ಕೈ ಕೆಳಗೇ ಇತ್ತು ಸಾಹೇಬ್ರೇ" ಎಂದಳು ಮುನೀರಾ. ಆಮೇಲೆ ಅವರು ಏನು ಕೇಳುತ್ತಿದ್ದಾರೆಂದು ಹೊಳೆದು ಮುಖ ಸಪ್ಪಗಾಯಿತು. "ಆದ್ರೆ ನಾನು ಹಚ್ಕೊಳ್ಳೋದಿಲ್ಲ. ನಮ್ಮ ಮನೆಯವ್ರು ತೀರಿಕೊಂಡಿದ್ದಾರೆ."

ಸಾಹೇಬರು ತಮ್ಮ ಸ್ವಭಾವಕ್ಕೆ ಮೀರಿ ಮೆತ್ತಗಾದರು. "ಬಲವಂತ ಇಲ್ಲ ಮುನೀರಾ. ನಾಳೆ ಹೇಳು. ನೀನು ಬೇಡ ಅಂದ್ರೆ ದೃಶ್ಯಾನೇ ಕಿತ್ತುಹಾಕ್ತೀನಿ. ಅಡ್ಡಾದಿಡ್ಡಿ ಕೈ ಇಟ್ಕೊಂಡು ತೆಗೆಯೋದಿಲ್ಲ."

ಮನೆಗೆ ಬಂದು ಹೇಳಿದಾಗ ಸಗೀರನ್ ಬೀ ಅಡಕೆ ಕತ್ತರಿಸುತ್ತಿದ್ದಳು. ಕತ್ತರಿ ನಿಲ್ಲಲಿಲ್ಲ.

"ಸಿನಿಮಾದೋರಿಗೆ ಬೇರೆ ಕೈ ಸಿಗ್ಲಿಲ್ವಾ?"

"ಸಿಗ್ಲಿಲ್ಲ ಖಾಲಾ."

"ಯಾವ ಕೈ?"

"ಎಡಗೈ. ನಾನೇ ಬಿಡಿಸ್ಕೋಬೇಕಲ್ಲ, ಬಲಗೈಗೆ ಆಗೋದಿಲ್ಲ."

ಮುದುಕಿ ಅಡಕೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. "ಹೊಟ್ಟೆಪಾಡಿನ ಕೆಲಸ. ಹಚ್ಕೋ. ನಲ್ಲಿ ಹತ್ರ ಹೋಗುವಾಗ ಸೆರಗೊಳಗೆ ಇಟ್ಕೋ, ನಾನು ಉತ್ತರ ಹೇಳೋಕೆ ಆಗೋದಿಲ್ಲ." ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು.

ಮಾರನೇ ದಿನ ಮುನೀರಾ ಸಾಹೇಬರಿಗೆ ಹೂಂ ಎಂದು ಬಂದಳು. ಶೂಟಿಂಗಿನ ದಿನ ಬೆಳಗಿನ ನಮಾಜಿಗೆ ಮುಂಚೆಯೇ ಎದ್ದು ಕಿಟಕಿಯ ಹತ್ತಿರ ಕೂತಳು. ಅವಳಿಗೆ ಓದು ಬರಹ ಬಾರದು. ವರನ ಹೆಸರನ್ನು ಯಾರಾದರೂ ಚೀಟಿಯಲ್ಲಿ ಬರೆದು ಕೊಟ್ಟರೆ ಅದನ್ನು ಎಲೆ, ಸುಳಿ, ಚುಕ್ಕೆ ಎಂದು ನೋಡಿಕೊಂಡು ಬಿಡಿಸುವುದು, ಮದುವೆ ಮುಗಿದ ಮೇಲೆ ಮರೆಯುವುದು. ಹಾಗೆ ನೂರಾರು ಗಂಡಸರ ಹೆಸರು ಅವಳ ಕೈ ಹಾದು ಹೋಗಿತ್ತು. ಚೀಟಿ ಇಲ್ಲದೆ ಬರುತ್ತಿದ್ದ ಹೆಸರು ಒಂದೇ. ಮದುವೆಯ ರಾತ್ರಿ ಇದ್ರೀಸ್ ಅದನ್ನು ಅವಳ ಅಂಗೈಯಲ್ಲಿ ಹುಡುಕಲಾರದೆ ಸೋತು, ಆಮೇಲೆ ಸಿಕ್ಕಾಗ ಅವಳದೇ ಬೆರಳು ಹಿಡಿದು ಅದರ ಮೇಲೆ ಆಡಿಸಿ ಕಲಿಸಿದ್ದ.

ಸಾಹೇಬರು ಕೊಟ್ಟ ಆಫ್ತಾಬ್ ಚೀಟಿಯನ್ನು ಎದುರಿಗೆ ಇಟ್ಟುಕೊಂಡಳು. ಕಲಸಿದ ಮೆಹಂದಿ ಅಂಗೈಗೆ ತಾಗಿದ ಕೂಡಲೇ ತಣ್ಣಗಾಯಿತು. ಒಂಬತ್ತು ವರ್ಷದಲ್ಲಿ ಸಾವಿರಾರು ಕೈಗಳಿಗೆ ಕೊಟ್ಟ ತಂಪು, ತನಗೆ ಹೀಗಿರುತ್ತಿತ್ತು ಎನ್ನುವುದೇ ಮರೆತುಹೋಗಿತ್ತು. ಅವಳಿಗೆ ಅಳು ಬಂತು. ಕಣ್ಣು ಒರೆಸಿಕೊಳ್ಳಲು ಎರಡು ಕೈಯೂ ಖಾಲಿ ಇರಲಿಲ್ಲ. ಹಶ್ಮತ್ ಖಾನ್ ಇವತ್ತು ಈ ಕೈ ಹಿಡಿಯುತ್ತಾನೆ, ಕ್ಯಾಮೆರಾ ಎದುರು, ಬೇರೆ ಯಾರದೋ ಕಥೆಯಲ್ಲಿ. ಆಮೇಲೆ ಆ ಕೈಯನ್ನು ಖಾಲಾಳಿಂದ ಬಚ್ಚಿಡಬೇಕು. ಹೀಗೆಲ್ಲ ಯೋಚಿಸುತ್ತ ಕೂತಿದ್ದಳು, ಕಡ್ಡಿ ತನ್ನ ಪಾಡಿಗೆ ಬಳ್ಳಿ ಹಬ್ಬಿಸಿತು. ಮುಗಿದಾಗ ಮಂಜಾದ ಕಣ್ಣಲ್ಲೇ ನಿಂಬೆಹುಳಿ ಸಕ್ಕರೆಯ ನೀರು ಚಿಮುಕಿಸಿ, ಬಟ್ಟೆ ಸುತ್ತಿ, ಬುರ್ಖಾ ಹಾಕಿಕೊಂಡು ರೈಲು ಹಿಡಿದಳು.

ಸೆಟ್ಟಿನಲ್ಲಿ ಅವಳನ್ನು ಪ್ಲಾಸ್ಟರಿನ ಜಾಲಂದ್ರದ ಹಿಂದೆ ಸ್ಟೂಲಿನ ಮೇಲೆ ಕೂರಿಸಿ, ಕೈಯನ್ನು ತೂತಿನಿಂದ ಹೊರಗೆ ತೆಗೆದು, ಆಚೆಯಿಂದ ಬಳೆ ತೊಡಿಸಿದರು. ಬಳೆ ತೊಟ್ಟ ಮೇಲೆ ಕೈ ಹಿಂದಕ್ಕೆ ಬರುವ ಹಾಗಿರಲಿಲ್ಲ. ಲೈಟು ಹೊಂದಿಸಲು ಎರಡು ಗಂಟೆ ಹಿಡಿಯಿತು. ಬಣ್ಣ ಕಪ್ಪಾಗಲಿ ಎಂದು ಮೆಹಂದಿಯ ಹಕ್ಕಳೆಯನ್ನು ಕೊನೆಯವರೆಗೂ ಹಾಗೇ ಬಿಟ್ಟಿದ್ದರು. ಎಲ್ಲ ತಯಾರಾದಾಗ ತಲೆ ಬಾಚುವ ಗೋವೆಯ ಫಿಲೋಮಿನಾ ಬಂದು ಆಚೆ ಕಡೆಯಿಂದ ಅದನ್ನು ಕೆರೆದು, ಎಣ್ಣೆ ಹಚ್ಚಿ ಒರೆಸಿದಳು. "ಏನು ಬಣ್ಣ ಬಂದಿದೆಯೇ ಮುನೀರಾ, ಕುಂಬಳಕಾಯಿ ಬಳ್ಳಿ ಹಾಗೆ ಹಬ್ಬಿಸಿದ್ದೀಯ" ಎಂದಳು. ಅವಳಿಗೆ ಆ ಲಿಪಿ ಬಾರದು. ಮುನೀರಾಳಿಗೆ ಕಾಣುತ್ತಿದ್ದುದು ತನ್ನ ಮೊಣಕೈವರೆಗೆ ಮಾತ್ರ.

ಕ್ಯಾಮೆರಾ ತಿರುಗಿತು. ಹಶ್ಮತ್‌ನ ಕೈ ಅವಳ ಕೈ ಕೆಳಗೆ ಬಂತು. ಒರಟು ಕೈ, ಆದರೆ ಹಿಡಿದ ರೀತಿ ಹಾಲಿನ ಲೋಟ ಹಿಡಿದಂತೆ, ತುಳುಕಬಾರದು ಎನ್ನುವ ಹಾಗೆ.  ಅವನ ತೋರುಬೆರಳು ಮಣಿಕಟ್ಟಿನಿಂದ ಹೊರಟು ಬಳ್ಳಿಯುದ್ದಕ್ಕೂ ಬಂತು. ಕಿರುಬೆರಳ ಬುಡ, ಉಂಗುರಬೆರಳ ಬುಡ, ಅಂಗೈಯ ನಡು. ಅಲ್ಲಿ ನಿಂತಿತು. ಹೇಳಿಕೊಟ್ಟಿದ್ದ ಪ್ರಕಾರ ಅಲ್ಲಿ ಅವನು ಹಣತೆ ಹತ್ತಿರ ತಂದು ಹೆಸರು ಕಾಣಿಸಬೇಕಿತ್ತು. ಅವನು ಹಣತೆ ತರಲಿಲ್ಲ. ಬೆರಳು ಅದೇ ಜಾಗದ ಮೇಲೆ ಇನ್ನೊಮ್ಮೆ ಹಾದು ಬಂತು. ಆಮೇಲೆ ಅವನ ಹೆಬ್ಬೆರಳು ಆ ಜಾಗದ ಮೇಲೆ ಬಂದು ಕೂತಿತು, ಒತ್ತದೆ, ಸುಮ್ಮನೆ.

"ಕಟ್" ಎಂದು ಯಾರೂ ಹೇಳಲಿಲ್ಲ. ಬಹಳ ಹೊತ್ತಾದ ಮೇಲೆ ಕಾಜಿಮ್ ಸಾಹೇಬರ ದನಿ ಕೇಳಿತು. "ಇದನ್ನ ನಿನಗೆ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ ಸಾಹೇಬ್ರೇ. ಹಾಗೇ ಬಂತು."

"ಚೆನ್ನಾಗಿ ಬಂತು. ಸರಿ, ಈಗ ಕ್ಯಾಮೆರಾ ಹತ್ತಿರ ತನ್ನಿ. ಹೆಸರು ಒಂದನ್ನೇ ಬೇರೆ ತೆಗೆಯೋಣ. ಬೆರಳು ತೆಗಿ ಖಾನ್."

ಹಶ್ಮತ್ ಬೆರಳು ತೆಗೆಯಲಿಲ್ಲ. "ಸಾಹೇಬ್ರೇ, ಕತ್ತಿ ಉಜ್ಜೋನ ಮಾತು ಅಂತ ಬೇಕಿದ್ರೆ ತಳ್ಳಿಹಾಕಿ. ಹೆಸರು ತೋರಿಸ್ಬೇಡಿ."

"ಯಾಕೆ?"

"ಆ ಹೆಣ್ಣು ಜೀವದ ಆಸೆ ಬಿಟ್ಟು ಬರ್ಕೊಂಡಿರೋ ಹೆಸರು. ಅದು ಅವಳ ಸ್ವಂತದ್ದು. ನೋಡಿದೋನು ಮುಚ್ಚಿ ವಾಪಸ್ ಕೊಡ್ಬೇಕು. ಟಾಕೀಸಲ್ಲಿ ಕಡಲೆಕಾಯಿ ತಿನ್ತಾ ಓದೋಕೆ ಅದೇನು ಅಂಗಡಿ ಬೋರ್ಡಾ?"

 ಕಾಜಿಮ್ ಸಾಹೇಬರಿಗೆ ಬುದ್ಧಿ ಹೇಳಿ ಕೆಲಸ ಉಳಿಸಿಕೊಂಡವರು ಕಡಿಮೆ.  ಇಷ್ಟಕ್ಕೆ ಇವನಿಗೇಕೆ ಇಷ್ಟು ಹಟ ಎಂದು ಮುನೀರಾಳಿಗೆ ಅರ್ಥವಾಗಲಿಲ್ಲ. ಸಾಹೇಬರು ಸಿಗರೇಟು ಪೂರ್ತಿ ಸೇದಿ ಮುಗಿಸಿದರು.

"ಸರಿಯಾಗಿ ಹೇಳ್ದೆ" ಎಂದರು. "ತೋರ್ಸೋದು ಬೇಡ. ಲೈಟು ಆರಿಸಿ."

ಹಶ್ಮತ್ ತಾನೇ ಬಳೆಗಳನ್ನು ಒಂದೊಂದಾಗಿ ಕಳಚಿದ. ಜಾಲಂದ್ರಕ್ಕೆ ಮುಖ ಹತ್ತಿರ ತಂದು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ, "ಮುನೀರಾ ಬೀ, ಉತ್ತರ ಸಿಕ್ತು. ಬೇಜಾರು ಮಾಡ್ಕೋಬೇಡಿ, ನನಗೂ ಬೇಜಾರಿಲ್ಲ. ನೀವು ಬಾಯಿಬಿಟ್ಟು ಹೇಳೋಕೆ ಎಷ್ಟು ಕಷ್ಟಪಟ್ಟಿರ್ತೀರಿ. ಕೈ ಒಳಗೆ ತಗೊಳ್ಳಿ." ಹೆಜ್ಜೆ ಸಪ್ಪಳ ದೂರ ಹೋಯಿತು.

ಅವಳು ಕೈ ಒಳಗೆಳೆದುಕೊಂಡು ನೋಡಿದಳು. ಎಲೆಗಳ ನಡುವೆ, ಕಪ್ಪಗೆ, ಕಣ್ಣಿಗೆ ರಾಚುವಂತೆ, ಚೀಟಿ ಇಲ್ಲದೆ ಬರುತ್ತಿದ್ದ ಆ ಒಂದೇ ಹೆಸರು. ಇದ್ರೀಸ್.

 ಆರು ವರ್ಷದಲ್ಲಿ ಒಂದು ಎಲೆ ತಪ್ಪದವಳು ಇಡೀ ಹೆಸರನ್ನೇ ತಪ್ಪಿದ್ದಳು. ಕ್ಯಾಮೆರಾ ಹತ್ತಿರ ಬಂದಿದ್ದರೆ ಸಾಹೇಬರು ಓದುತ್ತಿದ್ದರು, ದೃಶ್ಯ ಹೋಗುತ್ತಿತ್ತು, ಅವಳ ಕೆಲಸವೂ ಹೋಗುತ್ತಿತ್ತು, ಸೆಟ್ಟಿನ ನೂರು ಜನ ನೂರು ಮಾತಾಡುತ್ತಿದ್ದರು. ಎಲ್ಲವನ್ನೂ ಅವನು ಒಂದು ಬೆರಳಲ್ಲಿ ತಡೆದಿದ್ದ. ತನಗೆ ಇಲ್ಲ ಎಂಬ ಉತ್ತರ ಬಂತೆಂದು ತಿಳಿದುಕೊಂಡು, ಆ ಉತ್ತರದ ಮಾನವನ್ನೇ ಕಾಪಾಡಿದ್ದ. ಓಡಿಹೋಗಿ ಹಾಗಲ್ಲ ಎನ್ನಬೇಕೆನಿಸಿತು. ಆದರೆ ಹಾಗಲ್ಲದಿದ್ದರೆ ಹೇಗೆ ಎಂದು ಅವನು ಕೇಳಿದರೆ ಹೇಳಲು ಅವಳ ಹತ್ತಿರ ಇನ್ನೂ ಏನಿತ್ತು? ಬುರ್ಖಾದೊಳಗೆ ಕೈ ಮುಚ್ಚಿಕೊಂಡು ಮನೆಗೆ ಬಂದಳು.

ಸಗೀರನ್ ಬೀಗೆ ಕಣ್ಣು ಮಂದವಾದರೂ ಮನೆಯೊಳಗೆ ಬಂದವರು ಯಾವ ಕಾಲಿನ ಚಪ್ಪಲಿ ಮೊದಲು ಬಿಟ್ಟರು ಎನ್ನುವುದು ಗೊತ್ತಾಗುತ್ತಿತ್ತು. "ಆ ಕೈ ಯಾಕೆ ಮುರಿದ ಹಾಗೆ ಹಿಡ್ಕೊಂಡಿದ್ದೀಯ ದುಲ್ಹನ್? ತೋರ್ಸು."

"ಏನಿಲ್ಲ ಖಾಲಾ."

"ಏನಿಲ್ಲದಿದ್ರೆ ತೋರ್ಸೋಕೇನು?"

ದಾರ ಕಟ್ಟಿದ ಕನ್ನಡಕ ಏರಿಸಿ, ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದಿನಾ ಬೆಳಿಗ್ಗೆ ಕುರಾನು ಓದುವವಳು, ಅಕ್ಷರ ಅವಳಿಗೆ ಬರುತ್ತಿತ್ತು. ಆ ಹೆಸರು ಅದರಲ್ಲೇ ಇರುವ ಒಬ್ಬ ಪ್ರವಾದಿಯದು. ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಬಗ್ಗಿ ಆ ಜಾಗಕ್ಕೆ ತುಟಿ ಒತ್ತಿ, ಹಾಗೇ ಮುಖವಿಟ್ಟು ಅತ್ತಳು.

"ಖಬರಿನ ಮೇಲೆ ಒಂದು ಕಲ್ಲು ಹಾಕ್ಸಿ ಬರೆಸೋಕೂ ನನ್ನ ಕೈಲಿ ಆಗ್ಲಿಲ್ಲ. ನೀನು ಇಲ್ಲಿ ಬರೆದೆಯಲ್ಲ ನನ್ನ ಕಂದನ್ನ."

ಮುನೀರಾ ಅಲ್ಲಿಗೇ ಸುಮ್ಮನಾಗಬಹುದಿತ್ತು. ಸುಮ್ಮನಾಗಿದ್ದರೆ ಗಲ್ಲಿಯಲ್ಲಿ ಅವಳಂಥ ಸೊಸೆ ಇಲ್ಲ ಎನಿಸಿಕೊಳ್ಳುತ್ತಿದ್ದಳು, ಮುದುಕಿ ಸಾಯುವವರೆಗೂ ಆ ಅಂಗೈಯ ಕಥೆ ಹೇಳಿಕೊಂಡು ಹಿಗ್ಗುತ್ತಿದ್ದಳು. ಆದರೆ ತನ್ನ ಕೈ ಹಿಡಿದು ಅಳುತ್ತಿರುವವಳಿಗೆ ಸುಳ್ಳು ಕೊಡಲು ಅವಳಿಂದಾಗಲಿಲ್ಲ.

"ಖಾಲಾ, ಬೇಕು ಅಂತ ಬರೆದದ್ದಲ್ಲ. ಬೇರೆ ಹೆಸರು ಬರೀಬೇಕಿತ್ತು. ತಪ್ಪಿ ಬಂತು." ಎಂದು ಶುರುಮಾಡಿದವಳು, ನಿಲ್ಲಿಸಿದರೆ ಮತ್ತೆ ಧೈರ್ಯ ಬರುವುದಿಲ್ಲವೆಂದು ಒಂದೇ ಉಸಿರಿಗೆ ಚಾ ಲೋಟದಿಂದ ಹೆಬ್ಬೆರಳಿನವರೆಗೆ ಎಲ್ಲವನ್ನೂ ಹೇಳಿದಳು.

ಮುದುಕಿ ಕೈ ಬಿಟ್ಟಳು. ಕೆಳಗೆ ಮಗ್ಗ ಖಟಖಟ ಎನ್ನುತ್ತಲೇ ಇತ್ತು.

"ಓದಿದ ಮೇಲೆ ಆ ಮನುಷ್ಯ ಏನು ಮಾಡ್ದ ಅಂದೆ?"

"ಮುಚ್ಚಿದ್ರು."

"ಒರೆಸೋಕೆ ನೋಡ್ಲಿಲ್ವಾ?"

"ಒರೆಸಿದ್ರೆ ಹೋಗೋ ಬಣ್ಣ ಅಲ್ಲ ಖಾಲಾ."

"ಅದು ನನಗೂ ಗೊತ್ತು. ನಾನು ಕೇಳಿದ್ದು, ಒರೆಸೋಕೆ ನೋಡಿದ್ನಾ ಅಂತ."

"ಇಲ್ಲ. ಒತ್ತಲೂ ಇಲ್ಲ."

"ನಿನಗೆ ಅವನು ಬೇಕಾ?"

ಮುನೀರಾ ನೆಲ ನೋಡಿದಳು. "ಬೇಕು. ಆದ್ರೆ ನಿಮ್ಮನ್ನ ಬಿಟ್ಟು ಹೋಗೋಕೆ ನನ್ನಿಂದ..."

"ನನ್ನ ತಲೆ ಮೇಲೆ ಹಾಕ್ಬೇಡ" ಎಂದು ಮುದುಕಿ ರೇಗಿದಳು. ರೇಗಿದವಳು ಹಾಗೇ ಕುಸಿದಳು. "ಹಾಕು, ಹಾಕು. ತಪ್ಪು ನಂದೇ. ನಿನ್ನನ್ನ ದುಲ್ಹನ್ ದುಲ್ಹನ್ ಅಂತ ಯಾಕೆ ಕರೀತೀನಿ ಗೊತ್ತಾ? ನಿನಗೆ ಒಂದು ಹೆಸರಿಲ್ವಾ? ನೀನು ಯಾರ ಮನೆಯವಳು ಅಂತ ಮರೀಬಾರ್ದು ಅಂತ. ದಿನಕ್ಕೆ ಹತ್ತು ಸಲ ಕರೆದು ನಿನ್ನ ಕಾಲಿಗೆ ಹಗ್ಗ ಬಿಗಿದೆ. ನೀನು ಹೋದ್ರೆ ನಾನು ಯಾ‌ರಿಗೆ ಏನಾಗ್ಬೇಕು? ಆ ಹೆದರಿಕೆ ನನಗೆ." ಅವಳ ಗಲ್ಲ ಹಿಡಿದೆತ್ತಿ, "ಮುನೀರಾ" ಎಂದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ. "ನಾಳೆ ನನ್ನ ಬುರ್ಖಾ ಒಗೆದು ಹಾಕು. ಆ ರಾಂಪುರದೋನನ್ನ ನಾನು ನೋಡ್ಬೇಕು."

ಬುರ್ಖಾ ಒಣಗಿ, ಮುದುಕಿಯ ಮಂಡಿನೋವು ಇಳಿದು, ಇಬ್ಬರೂ ರೈಲು ಹತ್ತುವಾಗ ಮೂರು ದಿನವಾಗಿತ್ತು. ದಾರಿಯುದ್ದಕ್ಕೂ ಮುನೀರಾಳಿಗೆ ಒಂದೇ ಭಯ: ಖಾಲಾ ಏನು ಹೇಳಿಬಿಡುತ್ತಾಳೋ. ಕೇಳಿದರೆ, "ನೋಡ್ಬೇಕು ಅಂದೆ, ಒಪ್ಪಿದೆ ಅಂದೆನಾ?" ಎಂದು ಮುದುಕಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಹಶ್ಮತ್ ಆಯುಧಗಳ ಕೋಣೆಯಲ್ಲಿ ಕೂತು ತಗಡಿನ ಕತ್ತಿಗೆ ಬೂದಿ ಹಾಕಿ ಉಜ್ಜುತ್ತಿದ್ದ. ಬಾಗಿಲಲ್ಲಿ ಇಬ್ಬರನ್ನೂ ಕಂಡು ಎದ್ದು ನಿಂತ. ಬೈಗುಳಕ್ಕೆ ಸಿದ್ಧನಾದವನ ಹಾಗೆ ತಲೆ ತಗ್ಗಿಸಿದ.

ಮುದುಕಿ ಬಾಯಿ ತೆರೆಯುವ ಮೊದಲೇ ಮುನೀರಾ ಮುಂದೆ ಬಂದಳು. ರೈಲಿನಲ್ಲಿ ಹೆದರಿದ್ದವಳು ತಾನೇನಾ ಎಂದು ಅವಳಿಗೇ ಅನ್ನಿಸಿತು. "ಖಾನ್ ಸಾಹೇಬ್ರೇ, ಅವತ್ತು ನೀವು ಓದಿದ್ದು ನನ್ನ ಉತ್ತರ ಅಲ್ಲ. ಅದು ನನ್ನ ಕೈಯ ಹಳೇ ಅಭ್ಯಾಸ. ಕೈ ಏನಾದ್ರೂ ಬರ್ಕೊಳ್ಳಲಿ, ಉತ್ತರ ನಾನು ಬಾಯಲ್ಲಿ ಹೇಳ್ತೀನಿ. ನನಗೆ ಒಪ್ಪಿಗೆ. ಆದ್ರೆ ನಾನು ಎಲ್ಲಿರ್ತೀನೋ ಖಾಲಾ ಅಲ್ಲೇ ಇರ್ತಾರೆ."

"ನನ್ನ ವಿಷಯ ನಾನು ಮಾತಾಡ್ತೀನಿ, ನೀನು ಸುಮ್ನಿರು" ಎಂದು ಸಗೀರನ್ ಬೀ ಅವಳನ್ನು ಪಕ್ಕಕ್ಕೆ ಸರಿಸಿದಳು. ಹಶ್ಮತ್‌ನನ್ನು ಮೇಲಿಂದ ಕೆಳಗೆ ನೋಡಿದಳು, ಮುರಿದು ಕೂಡಿದ ಪಕ್ಕೆಲುಬು ಯಾವ ಕಡೆಯದೆಂದು ಲೆಕ್ಕ ಹಾಕುವವಳಂತೆ. "ನೋಡಪ್ಪಾ, ನನಗೆ ಸುತ್ತಿ ಬಳಸಿ ಮಾತು ಬರೋದಿಲ್ಲ. ನೀನು ಓದಿದ್ಯಲ್ಲ, ಅದು ನನ್ನ ಮಗ. ಬಣ್ಣ ಹದಿನೈದು ದಿನಕ್ಕೆ ಹೋಗುತ್ತೆ, ಅವನು ಹೋಗೋದಿಲ್ಲ. ಇವಳ ಒಳಗೆ ಇದ್ದಾನೆ, ಇರ್ತಾನೆ. ನಾಳೆ ಇನ್ಯಾವಾಗ್ಲೋ ಮತ್ತೆ ಅವಳ ಕೈಗೆ ಬಂದ್ಬಿಡ್ತಾನೆ. ನಿನಗದು ನಡೆಯುತ್ತಾ?"

ಹಶ್ಮತ್ ಬೂದಿ ಮೆತ್ತಿದ ಕೈಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

"ಅಮ್ಮಾ" ಎಂದ, "ಕೂತೋರನ್ನ ಎಬ್ಬಿಸಿ ಆ ಜಾಗದಲ್ಲಿ ಕೂರೋ ಜಾತಿ ಅಲ್ಲ ನಾನು. ಪಕ್ಕದಲ್ಲಿ ಒಂದಿಷ್ಟು ಜಾಗ ಕೊಟ್ರೆ ಸಾಕು."

ಸಗೀರನ್ ಬೀ ಕನ್ನಡಕ ತೆಗೆದಳು. ಅವಳ ಕೆಳದುಟಿ ಅದುರುತ್ತಿದ್ದುದನ್ನು ನೋಡಿ ಮುನೀರಾಳಿಗೆ ಗಾಬರಿಯಾಯಿತು, ಇದ್ರೀಸ್‌ನ ಬಗ್ಗೆ ಅವನಾಡಿದ ಮಾತಿಗೆ ನೊಂದಳೇನೋ, ಎಲ್ಲ ಕೆಟ್ಟಿತೇನೋ ಎಂದು ತೋಳು ಹಿಡಿದುಕೊಂಡಳು. ಮುದುಕಿ ಆ ಕೈಯನ್ನು ಬಿಡಿಸಿಕೊಂಡು ಒಂದು ಹೆಜ್ಜೆ ಮುಂದೆ ಹೋದಳು.

"ಇನ್ನೊಂದು ಸಲ ಹೇಳು."

"ಪಕ್ಕದಲ್ಲಿ ಒಂದಿಷ್ಟು ಜಾಗ..."

"ಅದಲ್ಲ. ಅದಕ್ಕೂ ಮೊದಲು ಏನೋ ಕರೆದೆಯಲ್ಲ, ಅದು."

ಹಶ್ಮತ್ ಮುನೀರಾಳ ಕಡೆ ನೋಡಿದ. ಒಂಬತ್ತು ವರ್ಷದಿಂದ ಈ ಹೆಂಗಸನ್ನು ಹಾಗೆ ಕರೆಯಲು ಯಾರೂ ಉಳಿದಿರಲಿಲ್ಲ ಎನ್ನುವುದು ಮುನೀರಾಳಿಗೆ ಆಗ ಹೊಳೆದು, ಬಾಯಿಗೆ ಸೆರಗು ಒತ್ತಿಕೊಂಡಳು. ಅವನಿಗೆ ಅಷ್ಟರಿಂದಲೇ ತಿಳಿಯಿತು.

"ಅಮ್ಮಾ" ಎಂದ.

"ಏನಪ್ಪಾ" ಎಂದಳು ಸಗೀರನ್ ಬೀ.